ರಬ್ಬರ್ ಚಾಕುವಿನವರಲ್ಲಿ ಒಂದು ಅಹವಾಲು

ಮಾನ್ಯ ರಬ್ಬರ್ ಚಾಕುವಿನವರೇ,

ಔಷಧಿ ಅಂಗಡಿಯ ಮೇಲಿನ ಮಹಡಿಯ ಆತ್ಮರಕ್ಷಣೆ ತರಗತಿಯಲ್ಲಿ, ಮೂಲೆಯ ಪ್ಲಾಸ್ಟಿಕ್ ಬಕೆಟ್ಟಿನೊಳಗೆ, ಬೆವರು ಒರೆಸಿದ ಟವೆಲ್ಲುಗಳ ನಡುವೆ ತಲೆಕೆಳಗಾಗಿ ವಿರಾಜಮಾನರಾಗಿರುವ ತಮಗೆ, ತಮ್ಮಿಂದ ಲೆಕ್ಕವಿಲ್ಲದಷ್ಟು ಸಲ ತಿವಿಸಿಕೊಂಡೂ ಒಂದು ಗೀರಿಲ್ಲದೆ ಬದುಕಿರುವ ವಿದ್ಯಾರ್ಥಿನಿಯ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಮೊನೆ ಎಂದಿನಂತೆ ಬಾಗುತ್ತಲೇ ಇರಲಿ ಎಂದು ಹಾರೈಸುತ್ತೇನೆ.

ತಮಗೆ ನನ್ನ ಅಂಗೈ ಗೊತ್ತೇ ಹೊರತು ಕೆಲಸ ಗೊತ್ತಿರಲಾರದು. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಕುಕ್ಕರುಗಳ ಡಬ್ಬಿಯೊಳಗೆ ಮಡಿಸಿಟ್ಟ, ಯಾರೂ ಓದದ ಬಳಕೆಯ ಸೂಚನೆಗಳನ್ನು ಬರೆಯುವವಳು ನಾನು. ಹೇಳಿದ ಕ್ರಮದಲ್ಲಿ ಮಾಡಿದರೆ ಲೋಕದಲ್ಲಿ ಯಾವುದೂ ಕೈಕೊಡುವುದಿಲ್ಲ ಎಂಬುದು ನನ್ನ ಹೊಟ್ಟೆಪಾಡೂ ಹೌದು, ನಂಬಿಕೆಯೂ ಹೌದು. ಮಂಡಿ ಬೇಡವೆಂದರೂ ಕೇಳದೆ ಈ ವಯಸ್ಸಿನಲ್ಲಿ ತರಗತಿಗೆ ಸೇರಿದ್ದು ಅದೇ ನಂಬಿಕೆಯಿಂದ. ಮಗಳನ್ನೂ ಕರೆದೆ. ಮುಂದಿನ ತಿಂಗಳಿಂದ ಅವಳು ಟ್ಯೂಷನ್ ಮುಗಿಸಿಕೊಂಡು ಸಂಜೆ ಒಬ್ಬಳೇ ಬರಬೇಕು. "ನೀನ್ ಮೊದ್ಲು ಕಲಿ, ಉಪಯೋಗ ಇದ್ರೆ ಹೇಳು" ಎಂದಳು.

ಕಲಿತೆ, ಮಹನೀಯರೇ. ನನ್ನ ಎದುರಾಳಿಯಾದ ಹಲ್ಲಿನ ಡಾಕ್ಟರು ತಮ್ಮನ್ನು ಹಿಡಿದು ನಿಂತು, "ಬರ್ಲಾ ಮೇಡಂ?" ಎಂದು ಕೇಳಿ, ನಾನು ಕನ್ನಡಕ ಸರಿಮಾಡಿಕೊಂಡು "ಬನ್ನಿ ಡಾಕ್ಟ್ರೇ" ಎಂದ ಮೇಲೆಯೇ ಬಲಗಡೆಯಿಂದ ಇರಿಯಲು ಬರುವ ಸಜ್ಜನರು. ನಾನು ಮಣಿಕಟ್ಟನ್ನು ತಿರುಚುತ್ತೇನೆ, ತಾವು ನನ್ನ ಕೈಗೆ ಬರುತ್ತೀರಿ, ಡಾಕ್ಟರು ನಿಟ್ಟುಸಿರಿಟ್ಟು ಚಾಪೆಯ ಮೇಲೆ ಮಲಗುತ್ತಾರೆ. ಆಮೇಲೆ ತರಗತಿಯ ಶಿಷ್ಟಾಚಾರದಂತೆ ತಮ್ಮ ಹಿಡಿಯನ್ನು ಅವರ ಕಡೆಗೆ ಮಾಡಿ, ಎರಡೂ ಕೈಯಿಂದ ಹಿಂದಿರುಗಿಸಿ, ತಲೆ ಬಾಗಿಸಿ, "ಇನ್ನೊಂದ್ಸಲ" ಎನ್ನುತ್ತೇನೆ. ಎಷ್ಟೋ ವಾರಗಳ ಕಾಲ ಹೀಗೆ ನಡೆದು, ನಿದ್ದೆಗಣ್ಣಿನಲ್ಲಿ ಯಾರಾದರೂ ಚಮಚ ಚಾಚಿದರೂ ಕಿತ್ತುಕೊಳ್ಳುವಷ್ಟು ಪರಿಣತಳಾದೆ.

ಕಳೆದ ವಾರ ಸಂಜೆ ಮಗಳೊಂದಿಗೆ ಜೆರಾಕ್ಸ್ ಅಂಗಡಿಯ ಪಕ್ಕದ ಗಲ್ಲಿಯಲ್ಲಿ ಬರುತ್ತಿದ್ದಾಗ, ನೆಗಡಿಯಾಗಿದ್ದ ಒಬ್ಬ ತೆಳ್ಳನೆಯ ಮನುಷ್ಯ, ಬರಲಾ ಎಂದು ಕೇಳುವ ಸೌಜನ್ಯವನ್ನೂ ತೋರದೆ ಅಡ್ಡ ಬಂದು, ತಮ್ಮ ಉಕ್ಕಿನ ಬಂಧುವೊಬ್ಬರನ್ನು ಚಾಚಿ, ಬ್ಯಾಗು ಕೊಡು ಎಂದ. ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸವನ್ನು ತಾವು ಬಿಡಿಸಿದ್ದಿರಿ. ನನ್ನ ಕೈ ತಾನಾಗಿ ಹೋಗಿ ಅವನ ಮಣಿಕಟ್ಟನ್ನು ಹಿಡಿದು ತಿರುಚಿತು, ಚಾಕು ನನ್ನ ಕೈಗೆ ಬಂತು. ಅವನು ಬಾಯಿ ಬಿಟ್ಟುಕೊಂಡು ನಿಂತ. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ನಿಂತಿದ್ದೆ.

ಇಲ್ಲಿಗೆ ಮುಗಿದಿದ್ದರೆ ಇದು ಅಭಿನಂದನಾ ಪತ್ರವಾಗುತ್ತಿತ್ತು. ಆದರೆ ತಮ್ಮ ಶಿಕ್ಷಣ ಅರ್ಧಕ್ಕೆ ನಿಲ್ಲುವಂಥದ್ದಲ್ಲವಲ್ಲ. ನಾನು ಹಿಡಿಯನ್ನು ಅವನ ಕಡೆಗೆ ಮಾಡಿ, ಎರಡೂ ಕೈಯಿಂದ ಚಾಕುವನ್ನು ಹಿಂದಿರುಗಿಸಿ, ತಲೆ ಬಾಗಿಸಿ, "ಇನ್ನೊಂದ್ಸಲ" ಎಂದೆ.

ಅವನು ಇಸಿದುಕೊಂಡ. "ಏನಕ್ಕಾ, ತಮಾಷೆನಾ?" ಎಂದು ಕೇಳಿದ ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು. ಅಷ್ಟರಲ್ಲಿ ಒಂದು ದಿನವೂ ತರಗತಿಗೆ ಬಾರದ ನನ್ನ ಮಗಳು, "ಅಮ್ಮಾ! ಏನ್ ಮಾಡ್ತಿದೀಯಾ? ಓಡು!" ಎಂದು ಗಲ್ಲಿ ನಡುಗುವಂತೆ ಕಿರುಚಿ, ನನ್ನ ಬ್ಯಾಗನ್ನು ಕಿತ್ತು ಅವನ ಕಾಲ ಬಳಿ ಎಸೆದು, ಮೊಣಕೈ ಹಿಡಿದು ಜೆರಾಕ್ಸ್ ಅಂಗಡಿಯೊಳಗೆ ಎಳೆದೊಯ್ದಳು. ಅವನ ಪಾಲಾದ ಆ ಬ್ಯಾಗಿನಲ್ಲಿ ನಾನು ತಿದ್ದುತ್ತಿದ್ದ ಕುಕ್ಕರಿನ ಸೂಚನೆಯಿತ್ತು. ಅದರ ಮೊದಲ ಸಾಲು: ಯಾವುದೇ ಕಾರಣಕ್ಕೂ ಹಿಡಿಯನ್ನು ಕೈಬಿಡಬೇಡಿ.

ನನ್ನ ದೂರು ತಾವು ಕಲಿಸಲಿಲ್ಲ ಎಂದಲ್ಲ, ಅಗತ್ಯಕ್ಕಿಂತ ಚೆನ್ನಾಗಿ ಕಲಿಸಿದಿರಿ ಎಂದು. ನಮ್ಮ ಮಾಸ್ಟರಂತೂ ಸುದ್ದಿ ಕೇಳಿ ಹಿರಿಹಿರಿ ಹಿಗ್ಗಿ, "ನೋಡಿದ್ರಾ, ಟೆಕ್ನಿಕ್ ಕೆಲಸ ಮಾಡ್ತು! ಕೊನೇದೊಂದು ಸಣ್ಣ ವಿಷ್ಯ ಬಿಟ್ರೆ" ಎಂದರು. ಹೊಸ ಮಹಿಳಾ ತಂಡದ ಮುಂದೆ ನಾನು ನಾಲ್ಕು ಮಾತಾಡಬೇಕಂತೆ. ಆ ಸಣ್ಣ ವಿಷಯವನ್ನು ಎಲ್ಲಿಗೆ ಸೇರಿಸಲಿ ಎಂದು ನಾನು ಕೇಳಲಿಲ್ಲ.

ಮಗಳು ಮಾತ್ರ ಕೇಳಿದಳು, ನಗದೆ. "ನಿಜ ಹೇಳಮ್ಮ. ನಾನೂ ಸೇರಿದ್ರೆ ಆ ಗಲ್ಲೀಲಿ ಒಬ್ಳೇ ಬರ್ಬೋದಾ?" ಹೌದೆಂದರೆ ಸುಳ್ಳಾಗುತ್ತಿತ್ತು. ಇಲ್ಲವೆಂದರೆ ಅವಳಿಗೆ ಏನು ಕೊಟ್ಟ ಹಾಗಾಯಿತು? ಕೊನೆಗೆ ಅಡುಗೆಮನೆಯಲ್ಲಿ ಅವಳ ಕೈಗೆ ಸೌಟು ಕೊಟ್ಟು, ಬಾ ಎಂದೆ. ಅವಳು ಹೇಳದೆ ಕೇಳದೆ ಹಿಂದಿನಿಂದ ಬರುತ್ತಾಳೆ, ಎಡಗಡೆಯಿಂದ ಬರುತ್ತಾಳೆ, ನಾನು ಫೋನಿನಲ್ಲಿರುವಾಗಲೂ ಬರುತ್ತಾಳೆ. ಹೆಚ್ಚಿನ ಸಲ ಸೌಟು ನನ್ನ ಪಕ್ಕೆಗೆ ಬೀಳುತ್ತದೆ. ಅಪರೂಪಕ್ಕೆ ಕಸಿದುಕೊಂಡರೆ ಮರುಕ್ಷಣವೇ, "ಅಮ್ಮಾ, ಮತ್ತೆ ವಾಪಸ್ ಕೊಟ್ಟೆ!"

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ವಾರಕ್ಕೊಮ್ಮೆಯಾದರೂ ಬರಲಾ ಎಂದು ಕೇಳದೆ ಬರಬೇಕು. ಡಾಕ್ಟರಿಗೆ ಚೂರು ಸಿಟ್ಟು ಬರುವಂತೆ ಮಾಡಬೇಕು, ಅವರು ಬೀಳದಿದ್ದರೂ ಪರವಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ನನ್ನ ಕೈಗೆ ಬಂದ ಮೇಲೆ ಹಿಂದಿರುಗಲು ತಾವೇ ಒಪ್ಪಬಾರದು. ಬೇಕಾದರೆ ನನ್ನ ಬೆರಳುಗಳಿಗೆ ಅಂಟಿಕೊಳ್ಳಿ. ಇದು ರಬ್ಬರಿಗೆ ಅಸಾಧ್ಯವೇನಲ್ಲ ಎಂದು ಭಾವಿಸಿದ್ದೇನೆ.

ಮುಂದಿನ ತಿಂಗಳೊಳಗೆ ಬೇರೆ ಉತ್ತರ ಸಿಗದಿದ್ದರೆ, ನಾನೂ ಮಗಳೂ ದೊಡ್ಡ ರಸ್ತೆಯಲ್ಲಿ, ಜನರ ನಡುವೆ, ಒಟ್ಟಿಗೇ ನಡೆದು ಬರುವುದೆಂದು ತೀರ್ಮಾನಿಸಿದ್ದೇವೆ. ಹೊಸ ತಂಡಕ್ಕೆ ಮೊದಲು ಕಿರುಚುವುದನ್ನು ಕಲಿಸಲು ಅವಳು ಒಪ್ಪಿದ್ದಾಳೆ.

ಇಂತಿ, ಇರಿದರೂ ಮುನಿಯದ
ತಮ್ಮ ವಿಶ್ವಾಸಿ,
ಎರಡನೇ ಸಾಲಿನ ಕನ್ನಡಕದವಳು

ಮರೆತ ಮಾತು: ನಿನ್ನೆಯ ತರಗತಿಯಲ್ಲಿ ತಮ್ಮನ್ನು ಕಸಿದುಕೊಂಡ ಮೇಲೆ ನಾನು ಹಿಂದಿರುಗಿಸದೆ ಬಾಗಿಲ ಕಡೆಗೆ ಓಡಿದ್ದು, ಮೆಟ್ಟಿಲಿಳಿದು ಬರಿಗಾಲಲ್ಲೇ ಮನೆ ಸೇರಿದ್ದು ತಮಗೆ ಗೊತ್ತೇ ಇದೆ. ಆದ್ದರಿಂದ ಮೇಲೆ ಬರೆದ ಬಕೆಟ್ಟಿನ ವಿಳಾಸವನ್ನು ತಿದ್ದಿ, ನಮ್ಮ ಸೌಟಿನ ಪಕ್ಕ ಎಂದು ಓದಿಕೊಳ್ಳಿ. ಡಾಕ್ಟರು ಇನ್ನೂ ಚಾಪೆಯ ಮೇಲೆ ಕೈಚಾಚಿಕೊಂಡು ಕಾಯುತ್ತಿದ್ದಾರೋ ಏನೋ. ಯಾರಾದರೂ ಕಂಡರೆ ತಿಳಿಸಿ: ನನ್ನ ಮೊದಲನೆಯ ಪಾಠ ನಿನ್ನೆ ಮುಗಿಯಿತು, ಚಪ್ಪಲಿ ಮಾತ್ರ ಅಲ್ಲೇ ಇದೆ.