ಬಾದಾಮಿಯಿಂದ ಇಂಗ್ಲೆಂಡಿನ ಸಮುದ್ರದ ದಂಡೆಗೆ

ಯೋಜನೆ ಹಾಕಿ ಕೆಲಸ ಮಾಡುವವನ ಮನೆಯಲ್ಲಿ ನಗುವಿಗೆ ಎಂದೂ ಬರ ಬೀಳುವುದಿಲ್ಲ, ಇದು ನನ್ನ ಸ್ವಂತ ಅನುಭವ. ಬಾದಾಮಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ ನಾನು ಸಂತೆಗೆ ಹೋಗುವುದಿದ್ದರೂ ಚೀಟಿ ಬರೆದುಕೊಂಡು ಹೋಗುವವನು. ಬದನೆಕಾಯಿ ಎಂದು ಬರೆದುಕೊಂಡ ದಿನ ಸಂತೆಯಲ್ಲಿ ಬದನೆಕಾಯಿಯೇ ಇರುತ್ತಿರಲಿಲ್ಲ. ಇಂಥವನ ಪಾಲಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡ್ ಪ್ರವಾಸ ಬಂದು ಬಿತ್ತು.

ನನ್ನ ಹೆಂಡತಿಯ ಅಕ್ಕ ಮದುವೆಯಾಗಿ ಡಾಕ್ಟರ್ ಗಂಡನ ಜೊತೆ ಇಂಗ್ಲೆಂಡಿಗೆ ಹೋಗಿ ಏಳು ವರ್ಷವಾಗಿತ್ತು. ಒಬ್ಬಳೇ ವಿಮಾನ ಹತ್ತಲು ಅವಳಿಗೆ ಹೆದರಿಕೆ. ಗಂಡನಿಗೆ ಒಮ್ಮೆಗೆ ಹತ್ತು ದಿನದ ಮೇಲೆ ರಜೆ ಇಲ್ಲ. ಹೀಗಾಗಿ ಏಳು ವರ್ಷದಲ್ಲಿ ಅವಳು ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಇಳಕಲ್ಲಿನಲ್ಲಿದ್ದ ನಮ್ಮ ಅತ್ತೆ, ಮಗಳ ಪತ್ರ ಬಂದಾಗಲೆಲ್ಲ ಅದನ್ನು ನನ್ನಿಂದ ಓದಿಸಿಕೊಳ್ಳಲು ಬಾದಾಮಿಗೆ ಬರುತ್ತಿದ್ದರು. ಒಂದು ಪತ್ರದಲ್ಲಿ ಷಡ್ಡಕರೇ ಬರೆದಿದ್ದರು: ‘ಬರುವ ವರ್ಷ ಮೇ ತಿಂಗಳಲ್ಲಿ ಅತ್ತೆ ಸಮೇತ ನೀವು ಮೂವರೂ ಬನ್ನಿ. ನನ್ನ ಹತ್ತು ದಿನದ ರಜೆಯಲ್ಲಿ ಕಾರು ತೆಗೆದುಕೊಂಡು ಸಮುದ್ರದ ದಂಡೆಗುಂಟ ಸುತ್ತೋಣ. ಎಲ್ಲೆಲ್ಲಿ ಹೋಗಬೇಕು ಎಂಬ ಯೋಜನೆ ಮಾತ್ರ ನೀವೇ ಹಾಕಿ.’

ನನ್ನ ಸ್ವಭಾವ ಅರಿಯದೆ ಆ ಕೊನೆಯ ಮಾತು ಬರೆದಿದ್ದರು, ಪಾಪ.

ನಕಾಶೆ

ಸಾಲೆಯಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ನಕಾಶೆ ಇತ್ತು. ಸಿಪಾಯಿ ಅದನ್ನು ಅಟ್ಟದಿಂದ ಇಳಿಸಿ, ಧೂಳು ಜಾಡಿಸಿ, ಗೋಡೆಗೆ ತೂಗುಹಾಕಿದ. ಮೂವತ್ತು ವರ್ಷದಿಂದ ಮಾಸ್ತರರು ಕೋಲಿನಿಂದ ತಿವಿದು ತಿವಿದು ಲಂಡನ್ ಇದ್ದಲ್ಲಿ ತೂತು ಬಿದ್ದಿತ್ತು. ಸುತ್ತಲಿನ ಅಂಚನ್ನು ಗೆದ್ದಲು ತಿಂದಿತ್ತು. ಅಂದರೆ ಸಮುದ್ರವೂ ಇಲ್ಲ, ದಂಡೆಯೂ ಇಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ನಿಂತದ್ದನ್ನು ನೋಡಿ ಸಿಪಾಯಿ ಸಮಾಧಾನ ಹೇಳಿದ: “ಸರ, ನಡುವಿನ ದೇಶಕ್ಕ ಏನೂ ಆಗಿಲ್ಲ ನೋಡ್ರಿ. ಅಲ್ಲೇ ಅಡ್ಡಾಡಿ ಬಂದುಬಿಡ್ರಿ.”

ನಮ್ಮವರು ಯಾರದಾರ?

ಅಟ್ಲಾಸೊಂದನ್ನು ಬಾಗಲಕೋಟೆಯಿಂದ ತರಿಸಿ, ಡೋವರ್‌ನಿಂದ ಬ್ರೈಟನ್ ಮೇಲೆ ಹಾದು ಕಾರ್ನ್‌ವಾಲಿನ ತುದಿಯವರೆಗೆ ಕೆಂಪು ಗೆರೆ ಎಳೆದೆ. ಅತ್ತೆ ಎದುರು ಕೂತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

“ಅಳಿಯಾರ, ಮೊದಲನೇ ವಸ್ತಿ ಎಲ್ಲಿ?”

“ಇಲ್ಲಿ ಬ್ರೈಟನ್ ಅಂತ ಊರೈತ್ರಿ ಅತ್ತಿ.”

“ಆ ಊರಾಗ ನಮ್ಮವರು ಯಾರದಾರ?”

“ಯಾರೂ ಇಲ್ರಿ. ಹೊಟೆಲ್‌ನ್ಯಾಗ ಇರೂದು.”

ಅತ್ತೆಯ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವರು ಬೀಗರು, ನೆಂಟರು, ಗುರುತಿನವರು ಇಲ್ಲದ ಊರಲ್ಲಿ ಒಂದು ರಾತ್ರಿಯೂ ಕಳೆದವರಲ್ಲ. “ದಿಕ್ಕಿಲ್ಲದಾವ್ರಂಗ ಹೊಟೆಲ್‌ನ್ಯಾಗ ಮಲಗೂದಾ? ನಮ್ಮವರು ಇಲ್ಲದ ಊರಿಗೆ ನಾ ಬರಾಂಗಿಲ್ಲ. ಮಗಳನ್ನ ನೋಡಾಕ ಹೋಗಿ ಮಾನಾ ಕಳಕೊಂಡು ಬರ್ಲೇನು?”

ಆಗ ನನ್ನ ಹೆಂಡತಿಗೆ ನಮ್ಮ ಹಳೆಯ ನೋಟ್‌ಬುಕ್ ನೆನಪಾಯಿತು. ಗುಹೆ ನೋಡಲು ಬಂದ ಇಂಗ್ಲಿಷರಿಗೆ ಮಾತಿನ ತೊಂದರೆಯೋ ಹೊಟ್ಟೆಯ ತೊಂದರೆಯೋ ಆದರೆ ಊರ ಜನ ಅವರನ್ನು ನೇರವಾಗಿ ನಮ್ಮ ಮನೆಗೆ ಕರೆತರುತ್ತಿದ್ದರು. ಅವರು ಮಜ್ಜಿಗೆ ಕುಡಿದು, ‘ಇಂಗ್ಲೆಂಡಿಗೆ ಬಂದರೆ ನಮ್ಮ ಮನೆಗೆ ಬರಲೇಬೇಕು’ ಎಂದು ವಿಳಾಸ ಬರೆದು ಹೋಗುತ್ತಿದ್ದರು. ಹುಡುಕಿದರೆ ಸಮುದ್ರದ ದಂಡೆಯ ವಿಳಾಸಗಳು ಆರು ಸಿಕ್ಕವು.

“ಇವರು ನಮ್ಮವರು ಹೆಂಗ ಆಗ್ತಾರ್ರಿ ಅತ್ತಿ? ಒಂದ ದಿನದ ಗುರುತು” ಎಂದೆ.

ನನ್ನ ಹೆಂಡತಿ ಆರರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟಳು. “ಈ ಮುದುಕ ಒಂದ ದಿನದಾಗ ಐದು ಸಲ ನಮ್ಮ ಪಾಯಖಾನಿಗೆ ಹೋಗ್ಯಾನ್ರಿ. ನಿಮ್ಮ ಖಾಸ ಕಾಕಾನೂ ಅಷ್ಟು ಹೋಗಿಲ್ಲ.”

ಪತ್ರ

ಆರು ಮನೆಗೂ ಪತ್ರ ಬರೆಯುವುದೆಂದಾಯಿತು. ಮೇ ತಿಂಗಳಲ್ಲಿ ನಿಮ್ಮಲ್ಲಿಗೆ ಬರುತ್ತೇವೆ ಎಂದು, ಇಂಗ್ಲೆಂಡಿನಲ್ಲಿರುವ ಹೆಂಡತಿಯ ಅಕ್ಕನ ವಿಳಾಸ ಸಮೇತ, ನಾನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಅತ್ತೆ ಒಪ್ಪಲಿಲ್ಲ. ಮಳೆ ಹೇಗಿದೆ, ದನಕರು ಹೇಗಿವೆ, ಮನೆಯ ಹಿರಿಯರ ಕಾಲುನೋವು ಹೇಗಿದೆ ಎಂದು ಎಲ್ಲ ಬರೆಸಿ, ಕೊನೆಗೆ ಹೇಳಿದರು: “ಈಗ ಕರೀರಿ. ನೀವೂ ಮಂದಿ ಮಕ್ಕಳನ್ನ ಕಟಗೊಂಡು ಬರಬೇಕು, ಹಿರೇರನ್ನ ಬಿಟ್ಟು ಬರಬಾರದು, ಬಂದ್ರ ತಿಂಗಳೊಪ್ಪತ್ತು ಇರಬೇಕು, ನೆವಾ ಹೇಳಬಾರದು ಅಂತ ಬರೀರಿ.”

“ಅತ್ತಿ, ಅವರೇನು ಅಷ್ಟ ದೂರದಿಂದ ಬರ್ತಾರೇನ್ರಿ? ಸುಮ್ನ ಯಾಕ?”

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. “ಬರಂಗಿಲ್ಲ ಅಂತನ ಕರಿಯೂದು, ಅಳಿಯಾರ. ಬರಾವ್ರನ್ನ ಹಿಂಗ ಯಾರರೆ ಕರೀತಾರೇನು?”

ಪಡದೆ

ಪಾಸ್‌ಪೋರ್ಟಿನ ಫೋಟೋಕ್ಕೆ ಬಾಗಲಕೋಟೆಯ ಸ್ಟುಡಿಯೋಕ್ಕೆ ಹೋದೆವು. ಸಮುದ್ರ ನೋಡಲು ಹೊರಟಿದ್ದೇವೆ ಎಂದು ಅತ್ತೆ ಬಾಯಿ ಬಿಟ್ಟದ್ದೇ ತಡ, ಫೋಟೋದವನಿಗೆ ಹುರುಪು ಬಂತು. ಮದುವೆ ಜೋಡಿಗಳಿಗೆಂದು ಇಟ್ಟಿದ್ದ ಪಡದೆಯನ್ನು ಬಿಚ್ಚಿ ನಮ್ಮ ಹಿಂದೆ ತೂಗುಬಿಟ್ಟ. ನೀಲಿ ಸಮುದ್ರ, ಎರಡು ತೆಂಗಿನ ಮರ, ಒಂದು ದೋಣಿ. ನಾನು ಬೇಡವೆಂದರೂ ಅವನು ಕೇಳಲಿಲ್ಲ.

ಅರ್ಜಿ ಫೋಟೋ ಸಮೇತ ಮರಳಿ ಬಂತು. ಬಿಳಿ ಗೋಡೆಯ ಮುಂದೆ ತೆಗೆಸಿದ ಫೋಟೋ ಬೇಕಂತೆ. ಅತ್ತೆ ಮಾತ್ರ ಆ ಮೊದಲ ಫೋಟೋಕ್ಕೆ ಕಟ್ಟು ಹಾಕಿಸಿ, ಇಳಕಲ್ಲಿನ ಮನೆಯ ಗೋಡೆಗೆ ತೂಗುಹಾಕಿದರು. ಓಣಿಯ ಹೆಂಗಸರು ಬಂದು ನೋಡಿ, “ಯಾವಾಗ ಬಂದ್ರಿ ಇಂಗ್ಲೆಂಡಿನಿಂದ?” ಎಂದು ಕೇಳತೊಡಗಿದರು. ಅತ್ತೆ, “ಮೊನ್ನೆ ಬೇಸ್ತವಾರ” ಎಂದರು.

ತಾಲೀಮು

ನನ್ನ ಹೆಂಡತಿಗೆ ಕಾರಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತಿತ್ತು. ಹತ್ತು ದಿನ ಕಾರಿನಲ್ಲಿ ಕೂಡುವವಳಿಗೆ ಮೊದಲು ಒಂದು ದಿನದ ತಾಲೀಮು ಆಗಲಿ ಎಂದು, ಅತ್ತೆಯನ್ನು ಇಳಕಲ್ಲಿಗೆ ಬಿಡುವ ನೆವದಿಂದ ಅಂಬಾಸಿಡರ್ ಕಾರೊಂದನ್ನು ಗೊತ್ತುಮಾಡಿದೆ. ಪಟ್ಟದಕಲ್ಲು, ಐಹೊಳೆ, ಹುನಗುಂದದ ಮೇಲೆ ಹಾದು ಇಳಕಲ್ಲು. ಮಲಪ್ರಭಾ ನದಿಯೇ ಸಮುದ್ರ ಎಂದು ತಿಳಿದುಕೊಳ್ಳಬೇಕು. ಚೀಟಿಯಲ್ಲಿ ಬರೆದುಕೊಂಡೆ: ‘ಎಂಟಕ್ಕೆ ಹೊರಡುವುದು. ಪಟ್ಟದಕಲ್ಲಿನಲ್ಲಿ ಹತ್ತು ನಿಮಿಷ ನಿಸರ್ಗ ವೀಕ್ಷಣೆ. ಹನ್ನೊಂದಕ್ಕೆ ಇಳಕಲ್ಲು.’

ಪಟ್ಟದಕಲ್ಲಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ರಸ್ತೆಯ ನಡುವೆ ನಿಂತು ಕಾರು ತಡೆದರು. ಉಪ್ಪಿಟ್ಟು, ಚಹಾ. ಐಹೊಳೆಯಲ್ಲಿ ಅತ್ತೆಯ ದೂರದ ನೆಗೆಣ್ಣಿ ಸಿಕ್ಕಳು. ರೊಟ್ಟಿ, ಪಲ್ಲೆ, ಒಂದು ನಿದ್ದೆ. ಹುನಗುಂದದಲ್ಲಿ ಒಂದು ಮನೆಯಲ್ಲಿ ಕನ್ಯೆ ನೋಡುವ ಕಾರ್ಯಕ್ರಮ ನಡೆದಿತ್ತು. ನೀರು ಕುಡಿಯಲು ಒಳಗೆ ಹೋದ ಅತ್ತೆ ಮದುವೆ ಗಟ್ಟಿಮಾಡಿಯೇ ಹೊರಗೆ ಬಂದರು. ಇಳಕಲ್ಲು ಮುಟ್ಟಿದಾಗ ಮನೆಮನೆಯಲ್ಲಿ ದೀಪ ಹಚ್ಚಿದ್ದರು. ಹೊಟ್ಟೆ ತೊಳಸಲು ನನ್ನ ಹೆಂಡತಿಗೆ ಪುರುಸೊತ್ತೇ ಸಿಗಲಿಲ್ಲ.

“ಸರ, ಸಮುದ್ರ ಬರ್ತೈತಿ ಅಂದಿದ್ರಲ್ಲ, ಎಲ್ಲಿ ಬಂತು?” ಎಂದು ಡ್ರೈವರ್ ಕೇಳಿದ.

“ಅದು ಬಂದು ಹೋತಪಾ. ನಾವು ಉಪ್ಪಿಟ್ಟು ತಿನ್ನಾಕತ್ತಿದ್ವಿ.”

ಈ ಲೆಕ್ಕದಲ್ಲಿ ಹತ್ತು ದಿನ ಎಲ್ಲಿಯೂ ಸಾಲುವುದಿಲ್ಲ ಎಂದು ಷಡ್ಡಕರಿಗೆ ಬರೆದೆ. ‘ಇಲ್ಲಿ ಕಾರು ನಿಲ್ಲಿಸಿ ಯಾರೂ ಮಾತಾಡಿಸುವುದಿಲ್ಲ, ಚಿಂತೆ ಬೇಡ’ ಎಂದು ಉತ್ತರ ಬಂತು. ಅದನ್ನು ಓದಿ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಏಳು ವರ್ಷ ಅಕ್ಕ ಅಂಥಾ ಊರಾಗ ಹೆಂಗದಾಳೋ ಏನೋ” ಎಂದಳು. ನನಗೂ ಸಂಕಟವಾಯಿತು.

ಅತ್ತೆ ಮಾತ್ರ ಧೈರ್ಯಗೆಡಲಿಲ್ಲ. “ಅದಕ್ಯಾಕ ಅಳ್ತಿ? ನಾವ ಅವರ ಕಾರು ನಿಲ್ಲಿಸಿ ಮಾತಾಡಸೂಣು.”

ಹೇಳಿದಂತೆ ನಡೆದವರು

ಆರು ಪತ್ರಗಳಲ್ಲಿ ಐದಕ್ಕೆ ಉತ್ತರ ಬರಲಿಲ್ಲ. ಆರನೆಯದು ಪಾಯಖಾನೆಯ ಮುದುಕರಿಗೆ ಹೋಗಿತ್ತು. ಅವರಿಂದ ಕಾಗದ ಬಂತು. ‘ನಿಮ್ಮ ಆಮಂತ್ರಣ ಓದಿ ನಮ್ಮ ಮನೆಯವರೆಲ್ಲ ಭಾವುಕರಾದೆವು. ನಮ್ಮನ್ನು ಇಷ್ಟು ಒತ್ತಾಯದಿಂದ ಯಾರೂ ಕರೆದಿರಲಿಲ್ಲ. ನೀವು ಹೇಳಿದಂತೆ ಹಿರಿಯರನ್ನೂ ಕರೆದುಕೊಂಡು ಜನವರಿಯಲ್ಲಿ ಬರುತ್ತೇವೆ.’

ನಾನು ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಅವರು ಬರುವುದಾಗಿಯೇ ಇತ್ತು.

ಜನವರಿಯ ಒಂದು ಮುಂಜಾನೆ ಮನೆಯ ಮುಂದೆ ಎರಡು ಟಾಂಗಾ ನಿಂತವು. ಮೊದಲನೆಯದರಿಂದ ಮುದುಕರು, ಅವರ ಹೆಂಡತಿ, ಎಂಬತ್ತು ದಾಟಿದ ಅವರ ಅತ್ತೆ ಇಳಿದರು. ಎರಡನೆಯದರಿಂದ ಅವರ ಮಗಳು, ಅಳಿಯ ಇಳಿದರು. ಅವರ ಹಿಂದೆ, ಹಸಿರು ಇಳಕಲ್ ಸೀರೆ ಉಟ್ಟುಕೊಂಡು, ನನ್ನ ಹೆಂಡತಿಯ ಅಕ್ಕ.

ನಮ್ಮ ಪತ್ರದಲ್ಲಿ ಅವಳ ವಿಳಾಸ ಇತ್ತಲ್ಲ. ಬಾದಾಮಿಗೆ ಏನು ಒಯ್ಯಬೇಕು ಎಂದು ಕೇಳಲು ಮುದುಕರು ಕಾರು ತೆಗೆದುಕೊಂಡು ಅವಳ ಮನೆಗೇ ಹೋಗಿದ್ದರು. ಐವರು ಜೊತೆಗಿದ್ದರೆ ವಿಮಾನದ ಹೆದರಿಕೆ ಎಲ್ಲಿಯದು? ಅವಳೂ ಹೊರಟುಬಂದಿದ್ದಳು. ಅಕ್ಕತಂಗಿಯರು ಬಾಗಿಲಲ್ಲೇ ತಬ್ಬಿಕೊಂಡು ಅತ್ತರು. ಇಂಗ್ಲಿಷರ ಸಲುವಾಗಿ ಇಳಕಲ್ಲಿನಿಂದ ಬಂದಿದ್ದ ಅತ್ತೆ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ನನಗೂ ಅಳು ಬಂತು. ನಗೆಯ ಪ್ರಸಂಗ ಹೇಳುವವನು ಇದನ್ನು ಮುಚ್ಚಿಡಬಾರದು.

ಇಂಗ್ಲಿಷರು ಪತ್ರದಲ್ಲಿದ್ದಂತೆ ಸರಿಯಾಗಿ ಒಂದು ತಿಂಗಳು ಇದ್ದರು. ನಮ್ಮದು ಮೂರು ಖೋಲಿಯ ಮನೆ. ನಾನು ಸಾಲೆಯಲ್ಲಿ ಬೆಂಚುಗಳನ್ನು ಕೂಡಿಸಿಕೊಂಡು ಮಲಗಿದೆ. ಆ ಎಂಬತ್ತರ ಅಜ್ಜಿ ಅತ್ತೆಯ ಜೊತೆ ಕಟ್ಟೆಯ ಮೇಲೆ ಕೂತು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ದಿನವಿಡೀ ಹರಟುತ್ತಿದ್ದಳು. ಮೇ ತಿಂಗಳ ಪ್ರವಾಸದ ಬಗ್ಗೆ ನಾನು ಚೀಟಿ ತೆಗೆದಾಗ ಅತ್ತೆ ಅದನ್ನು ಮಡಚಿಟ್ಟರು. “ಮಗಳನ್ನ ನೋಡಿದ್ನಲ್ಲ. ಇನ್ನ ಆ ಸಮುದ್ರ ತಗೊಂಡು ಏನ್ ಮಾಡ್ಲಿ?”

ಹೊರಡುವ ದಿನ ಬಂತು. ಟಾಂಗಾದಲ್ಲಿ ಸಾಮಾನು ಏರಿತು. ಎಲ್ಲರಿಗೂ ಕುಂಕುಮ ಹಚ್ಚಿ, ಬುತ್ತಿ ಕೊಟ್ಟು, ಅತ್ತೆ ರೂಢಿಯಂತೆ ಹೇಳಿದರು: “ಇಷ್ಟ್ಯಾಕ ಲಗೂನ ಹೊಂಟ್ರಿ? ಇನ್ನ ನಾಕ ದಿನಾ ಇದ್ದು ಹೋಗ್ರಲಾ.”

ಬೆಂಚಿನ ಮೇಲೆ ಮಲಗಿ ನನ್ನ ಬೆನ್ನು ಹಲಗೆಯಾಗಿತ್ತು. ಮುದುಕರು ನನ್ನ ಕಡೆ ತಿರುಗಿ, ಅಮ್ಮ ಏನೆಂದರು ಎಂದು ಕೇಳಿದರು. ಇಂಗ್ಲಿಷ್ ಮಾಸ್ತರನಾಗಿ ಅಂದಿನವರೆಗೆ ನಾನು ಬೇಕೆಂದೇ ತಪ್ಪು ಭಾಷಾಂತರ ಮಾಡಿರಲಿಲ್ಲ. ಅಂದು ಮಾಡಿದೆ. ‘ಸುಖವಾಗಿ ಹೋಗಿ ಬನ್ನಿ ಎನ್ನುತ್ತಾರೆ’ ಎಂದೆ.

ಟಾಂಗಾದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ನನ್ನ ಹೆಂಡತಿಯ ಅಕ್ಕ ಕಾಲು ಕೆಳಗಿಳಿಸಿದಳು. ತಾಯಿಯ ಮುಖ ನೋಡಿದಳು, ತಂಗಿಯ ಮುಖ ನೋಡಿದಳು. ಆಮೇಲೆ ಮುದುಕರ ಹತ್ತಿರ ಹೋಗಿ, ಅತ್ತೆ ಅಂದದ್ದನ್ನು ಒಂದು ಅಕ್ಷರ ಬಿಡದೆ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದಳು.

ಮುದುಕರು ಒಂದು ಕ್ಷಣ ಯೋಚಿಸಿ, ಟಾಂಗಾದವನಿಗೆ ಸಾಮಾನು ಇಳಿಸು ಎಂದು ಕೈ ಮಾಡಿದರು.