ನಾನು ಬಿದ್ದಿದ್ದ ನಿಮಿಷಗಳು

ಹುಟ್ಟಿದ ಎಲ್ಲರಿಗೂ ದೇವರು ಒಂದೊಂದು ವಿದ್ಯೆ ಕೊಟ್ಟೇ ಕಳಿಸಿರುತ್ತಾನೆ ಎಂದು ನಮ್ಮವ್ವ ಹೇಳುತ್ತಾಳೆ. ನನಗೆ ಕೊಟ್ಟು ಕಳಿಸಿದ್ದು ಬೀಳುವ ವಿದ್ಯೆ. ಎಡವಿ ಬೀಳುವುದಲ್ಲ, ಅದು ಕುಡಿದವನಿಗೂ ಬರುತ್ತದೆ. ಯಾರೂ ಮುಟ್ಟದೆ, ಕಾಲಿಗೆ ಏನೂ ತಗುಲದೆ, ಬೇಕೆಂದ ಕಡೆ ಬೇಕೆಂದ ಹೊತ್ತಿಗೆ ಬಿದ್ದು, ನೋಡಿದವರ ಕರುಳು ಚುರುಕ್ ಎನ್ನುವಂತೆ ಹೊರಳಾಡಿ, ಇಬ್ಬರ ಹೆಗಲ ಮೇಲೆ ಕೈ ಹಾಕಿ ಎದ್ದು, ಆಮೇಲೆ ಕುಂಟುವುದನ್ನು ಮರೆಯದಿರುವುದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ನಾನು ಮೀಸೆಗೇ ಮೊದಲು ಮಣ್ಣು ಹತ್ತುವಂತೆ ಬೀಳುತ್ತಿದ್ದೆ. ಮಣ್ಣು ಕಂಡರೆ ತಾನೇ ಜನಕ್ಕೆ ನಂಬಿಕೆ? ಈ ವಿದ್ಯೆಯಿಂದ ನನಗೆ ಬಂದದ್ದು ಒಂದು ಸ್ಟೀಲ್ ಲೋಟ. ಹೋದದ್ದು ಮಂಜುಳ.

ಪಾಂಡವಪುರದಲ್ಲಿ ಹಾಲಿನ ಡೇರಿಯೊಂದರ ಗುಮಾಸ್ತ ನಾನು. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಸೀಮೆ ಕಬಡ್ಡಿ, ವಾಲಿಬಾಲಿನದು. ಕೈಯಿದ್ದೂ ಕಾಲಲ್ಲಿ ಚೆಂಡು ಒದೆಯುವವರನ್ನು ಕಂಡರೆ ಹಿರಿಯರು ಮರುಕಪಡುತ್ತಿದ್ದರು. ಅಂಥ ಕಡೆ ಫುಟ್‌ಬಾಲ್ ತಂಡ ಕಟ್ಟಿದವನು ಚಂದ್ರಾಚಾರಿ. ಅವರಪ್ಪ ಕುಲುಮೆಯಲ್ಲಿ ನೇಗಿಲಿನ ಗುಳ ತಟ್ಟಿದವರು. ಇವನದು ವೆಲ್ಡಿಂಗ್ ಅಂಗಡಿ, ಕಿಟಕಿಗೆ ಗ್ರಿಲ್ ಮಾಡುತ್ತಿದ್ದ. ಗೋಲಿನ ಕಂಬಗಳನ್ನು ತಾನೇ ಬೆಸೆದು ತಂದು ನೆಟ್ಟು, ಕಂಬ ನನ್ನವು, ಆದ್ದರಿಂದ ಕ್ಯಾಪ್ಟನ್ನೂ ನಾನೇ ಎಂದ. ಯಾರೂ ಎದುರಾಡಲಿಲ್ಲ. ನನ್ನ ಓಟ, ನನ್ನ ಒದೆತ ಎರಡನ್ನೂ ನೋಡಿ ಮೊದಲ ವಾರದಲ್ಲೇ ಹಣೆ ಚಚ್ಚಿಕೊಂಡಿದ್ದ. ಆಮೇಲೊಂದು ಸಂಜೆ ನಾನು ನನ್ನದೇ ಬೂಟಿನ ದಾರ ತುಳಿದು ಬಿದ್ದೆ. ಆಟವೇ ನಿಂತಿತು. ಒಬ್ಬ ನೀರು ತಂದ, ಒಬ್ಬ ಕಾಲು ನೀವಿದ. ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ ಚಂದ್ರಾಚಾರಿ ಹತ್ತಿರ ಬಂದು, "ಲೇ ಪುಟ್ಸಾಮಿ, ಇನ್ನೊಂದ್ಕಿತ ಬೀಳ್ಲಾ, ನೋಡವ" ಎಂದ. ಬಿದ್ದೆ. "ನೀನು ನಮ್ ಟೀಮಿಗೆ ಬೇಕೇ ಬೇಕು ಕಣ್ಲಾ" ಎಂದ. ನನ್ನನ್ನು ಬೇಕು ಎಂದು ಒಬ್ಬರು ಹೇಳಿದ್ದು ಅದೇ ಮೊದಲು. ಅಂಥ ಮಾತಿಗೆ ಮನುಷ್ಯ ಏನು ಬೇಕಾದರೂ ಮಾಡಿಬಿಡುತ್ತಾನೆ.

ಕೆಲಸ ಸುಲಭದ್ದು. ನಾವು ಸೋಲುತ್ತಿದ್ದರೆ ನಾನು ಹೊರಗೆ ಕೂತು ಎಲ್ಲರ ಚಪ್ಪಲಿ ಕಾಯಬೇಕು. ಒಂದು ಗೋಲು ಮುಂದಿದ್ದರೆ ಕೊನೆಯಲ್ಲಿ ನನ್ನನ್ನು ಒಳಗೆ ಬಿಡುತ್ತಿದ್ದರು. ನಾನು ಬಿದ್ದುಕೊಂಡು ಹೊತ್ತು ಕಳೆಯಬೇಕು. ನಮ್ಮ ಕಡೆಯ ರೆಫರಿಗಳು ಹೊತ್ತಾಯಿತೆಂದರೆ ಸೀಟಿ ಊದಿ ಮನೆಗೆ ಹೋಗುವವರು. ಬಿದ್ದು ಕಳೆದ ಹೊತ್ತನ್ನು ಲೆಕ್ಕ ಹಿಡಿದು ಕೊನೆಗೆ ಸೇರಿಸಿ ಆಡಿಸಬೇಕು ಎಂಬ ನಿಯಮ ಅವರಿಗೆ ಗೊತ್ತಿತ್ತೋ ಇಲ್ಲವೋ, ಯಾರ ಮನೆಯಲ್ಲೂ ಹಸು ಅಲ್ಲಿಯವರೆಗೆ ಕಾಯುತ್ತಿರಲಿಲ್ಲ. ಡೇರಿಯಲ್ಲೂ ನಾನು ಹೊತ್ತು ಕಳೆಯುತ್ತಿದ್ದೆ, ಆದರೆ ಅಲ್ಲಿ ಹೆಸರು ಬರಲಿಲ್ಲ. ಬೀಳುವ ಗೋಜೇ ಇಲ್ಲದೆ ಕುರ್ಚಿಯ ಮೇಲೆ ಕೂತೇ ಇಡೀ ದಿನ ದಾಟಿಸುವ ವಿದ್ವಾಂಸರು ಅಲ್ಲಿದ್ದರು.

ಮಂಜುಳಳನ್ನು ನಾನು ನೋಡಿದ್ದು ನಾಗಮಂಗಲದಲ್ಲಿ, ನೆಂಟರೊಬ್ಬರ ಮದುವೆಯ ಊಟದ ಪಂಕ್ತಿಯಲ್ಲಿ. ಪಾಯಸ ಬಡಿಸುತ್ತಿದ್ದಳು. ನನಗೆ ಪಾಯಸ ಅಷ್ಟಕ್ಕಷ್ಟೆ. ಆದರೂ ಅವಳು ಬಂದಾಗಲೆಲ್ಲ "ಇನ್ನೊಂಚೂರು" ಎಂದೆ. ಮೂರನೆಯ ಸಲ ಸೌಟು ಹಿಡಿದು ನಿಂತು, "ಅದೇನು ಒಟ್ಟೆಯೋ ಕಣಜವೋ?" ಎಂದು ನಕ್ಕಳು. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಆ ನೋವು ಮಾತ್ರ ನಾಟಕವಲ್ಲ. ವಿಷಯ ತಿಳಿದ ಅವ್ವ ಗಂಜಾಮಿಗೆ ಹೋಗಿ ನಿಮಿಷಾಂಬೆಗೆ ಹರಕೆ ಹೊತ್ತು ಬಂದಳು. ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಅವಳು. ಕೊಟ್ಟಳು ಅಂತಲೇ ಹೇಳಬೇಕು. ಜಾತಕ ಕೂಡಿತು, ಹುಡುಗಿಗೂ ಒಪ್ಪಿಗೆಯಂತೆ. ಇನ್ನು ಅವಳ ಸೋದರಮಾವ, ಸಂತೆಬಾಚಹಳ್ಳಿಯ ತಿಮ್ಮೇಗೌಡರು, ಹುಡುಗನನ್ನು ಒಮ್ಮೆ ಕಣ್ಣಾರೆ ನೋಡಿ ಹೂಂ ಎಂದರೆ ಮುಗಿಯಿತು. ತಂದೆಯಿಲ್ಲದ ಮನೆಗೆ ಅವರ ಮಾತೇ ಕೊನೆಯದು. ಭಾನುವಾರ ಹಿಂಡಿ ಕೊಳ್ಳಲು ಕೆ.ಆರ್. ಪೇಟೆಗೆ ಬರುತ್ತೇನೆ, ಸಂಜೆ ಅಲ್ಲೇ ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಆ ಭಾನುವಾರವೇ ಅಲ್ಲಿ ನಮಗೂ ನಾಗಮಂಗಲದವರಿಗೂ ಫೈನಲ್ ಪಂದ್ಯ.

ಇಸ್ತ್ರಿ ಮಾಡಿದ ಅಂಗಿ, ಬಾಚಣಿಗೆ, ಪೌಡರು ಎಲ್ಲ ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ಪಂದ್ಯ ಮುಗಿದ ಮೇಲೆ ಮುಖ ತೊಳೆದು, ಅವರು ಬರುತ್ತೇನೆಂದಿದ್ದ ಮೈದಾನದ ಎದುರಿನ ಹೋಟೆಲಿನ ಮುಂದೆ ಗಂಭೀರವಾಗಿ ನಿಂತಿರುವುದು ನನ್ನ ಯೋಜನೆ. ಚಂದ್ರಾಚಾರಿಗೂ ಹೇಳಿದೆ, "ಎಣ್ಣಿನ್ ಕಡೆಯೋರು ಬತ್ತಾವ್ರೆ ಕಣೋ, ಬೇಗ ಬುಟ್ಬುಡು ನನ್ನ." ಅವನು, "ಅಂಗಾರೆ ಜಲ್ದಿ ಜಲ್ದಿ ಬಿದ್ದು ಮುಗಿಸ್ಬುಡ್ಲಾ" ಎಂದ. ನಾವು ಒಂದು ಗೋಲು ಮುಂದಿದ್ದೆವು. ಒಳಗೆ ಹೋಗಿ ಮೂರು ಸಲ ಬಿದ್ದೆ. ಮೂರೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಹೊತ್ತಾಯಿತು, ಇನ್ನೇನು ಸೀಟಿ ಎಂದು ನೋಡಿದರೆ ರೆಫರಿ ನಾಲ್ಕು ಬೆರಳೆತ್ತಿದ. ಬೇರೆ ಊರಿನಿಂದ ಕರೆಸಿದ್ದ ಹೊಸ ಮನುಷ್ಯ. ಚಂದ್ರಾಚಾರಿ ಅವನ ಮೇಲೇ ಹೋದ, "ಯಾವ ನಾಲ್ಕು ಸಾ ಇದು?" ಅವನು ಶಾಂತವಾಗಿ ನನ್ನ ಕಡೆ ತೋರಿಸಿ, "ನಿಮ್ಮ ಹುಡುಗ ಬಿದ್ದಿದ್ದ ನಾಲ್ಕು ನಿಮಿಷ" ಎಂದ. ನಾನು ಜೀವಮಾನದಲ್ಲಿ ಕಳೆದ ಹೊತ್ತನ್ನು ಒಬ್ಬ ತಿರುಗಿ ತಂದು ಮುಂದಿಟ್ಟದ್ದು ಅದೇ ಮೊದಲು.

ಈ ವಾಗ್ವಾದದ ನಡುವೆ ಗೆರೆಯಾಚೆ ಯಾರೋ ಗೋಲಿ ಸೋಡಾ ಕೊಟ್ಟರು. ಬಾಯಿ ತುಂಬ ತುಂಬಿಕೊಂಡಿದ್ದೆ, ಆಟ ಶುರುವಾಯಿತು, "ಬೀಳ್ಲಾ!" ಎಂದು ಚಂದ್ರಾಚಾರಿಯ ಕೂಗು ಕೇಳಿತು. ನುಂಗುವುದಕ್ಕೂ ಹೊತ್ತಿಲ್ಲದೆ ಅಲ್ಲೇ ಬಿದ್ದು ಒದ್ದಾಡಿದೆ. ಬಾಯಿಯಿಂದ ನೊರೆ ಬಂತು. ಆಗ ಜನರ ನಡುವಿನಿಂದ ಹಿರಿಯರೊಬ್ಬರು, "ಅಯ್ಯೋ, ಮೂರ್ಛೆ ಕಣ್ರಲಾ! ಕೈಗೆ ಕಬ್ಣ ಕೊಡ್ರಲಾ!" ಎಂದು ಓಡಿಬಂದು, ಸೊಂಟದಿಂದ ಬೀಗದ ಕೈ ಗೊಂಚಲು ಕಿತ್ತು ನನ್ನ ಅಂಗೈಯಲ್ಲಿಟ್ಟು ಒತ್ತಿ ಹಿಡಿದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ. ಅವರು ಹಿಡಿದದ್ದರಿಂದ ನನ್ನ ಬೀಳುವಿಕೆಗೆ ಒಂದು ಕಳೆ ಬಂದಂತಾಗಿ, ಇನ್ನಷ್ಟು ಹುರುಪಿನಿಂದ ಕಾಲು ಬಡಿದೆ. ಈ ಸಲ ರೆಫರಿಯೂ ಹೆದರಿ ಕೊನೆಯ ಸೀಟಿ ಊದಿದ್ದು ಕೇಳಿತು. ಗೆದ್ದಿದ್ದೆವು, ಬಹುಮಾನ ತಲೆಗೊಂದು ಸ್ಟೀಲ್ ಲೋಟ. ಕಣ್ಣು ಬಿಡುವಷ್ಟರಲ್ಲಿ ಆ ಹಿರಿಯರು, "ಯಾರ್ ಮಗ ಅಪ್ಪ ಇವ್ನು, ಪಾಪ?" ಎಂದರು. ಚಂದ್ರಾಚಾರಿ ಎದೆಯುಬ್ಬಿಸಿ, "ನಮ್ ಪುಟ್ಸಾಮಿ ಸಾ, ಪಾಂಡವಪುರದ ಡೇರಿ ಕ್ಲರ್ಕು" ಎಂದ. ಅವರ ಮುಖ ಇಳಿಯಿತು. "ಆಗಾಗ ಇಂಗಾಯ್ತದಾ?" ಎಂದು ಮೆಲ್ಲಗೆ ಕೇಳಿದರು. ಚಂದ್ರಾಚಾರಿ, "ಎಲ್ಲಾ ಮ್ಯಾಚ್ನಾಗೂ ಬೀಳ್ತಾನೆ ಸಾ, ಗ್ಯಾರಂಟಿ!" ಎಂದ. ಸಂತೆಬಾಚಹಳ್ಳಿಯ ತಿಮ್ಮೇಗೌಡರೇ ಅವರು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೀಗದ ಕೈ ವಾಪಸು ತೆಗೆದುಕೊಂಡರು. ಅವರ ಬಸ್ಸು ತಡವಾಗಿತ್ತು. ನಾನು ಮೊದಲ ಮೂರು ಸಲ ಬೀಳದೇ ಇದ್ದಿದ್ದರೆ ಅವರು ಬರುವ ಹೊತ್ತಿಗೆ ಪಂದ್ಯ ಮುಗಿದು, ನಾನು ಇಸ್ತ್ರಿ ಅಂಗಿಯಲ್ಲಿ ನೆಟ್ಟಗೆ ನಿಂತಿರುತ್ತಿದ್ದೆ.

ಮೂರ್ಛೆಯ ಸುದ್ದಿ ಸುತ್ತಲ ನಾಲ್ಕೂ ತಾಲ್ಲೂಕಿಗೆ ಹಬ್ಬಿತು. ಡೇರಿಯಲ್ಲಿ ಬಾವಿಯ ಹತ್ತಿರ ಹೋಗಬೇಡ ಎಂದರು, ಸೈಕಲ್ ಹತ್ತಬೇಡ ಎಂದರು, ಬೇರು ತೇಯ್ದು ತಂದು ಕೊಟ್ಟರು. ನಿಜವಾಗಿ ಆ ಕಾಯಿಲೆ ಇದ್ದು, ಮಾತ್ರೆ ನುಂಗುತ್ತಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದ ಹಿರಿಯ ಗುಮಾಸ್ತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಎದುರ್ಕಬ್ಯಾಡ ಕಣಪ್ಪ, ನಾನಿಲ್ವಾ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇನ್ನು ತಡೆಯಲಾರದೆ ಸಂತೆಬಾಚಹಳ್ಳಿಯ ಬಸ್ಸು ಹತ್ತಿದೆ. ತಿಮ್ಮೇಗೌಡರು ಕೊಟ್ಟಿಗೆಯ ಮುಂದೆ ಕೂತಿದ್ದರು. ಎಲ್ಲವನ್ನೂ ಹೇಳಿದೆ: ಕಾಯಿಲೆಯಿಲ್ಲ, ನಾಟಕ, ನೊರೆಯಲ್ಲ, ಸೋಡಾ. ಪೂರ್ತಿ ಕೇಳಿ, "ಕಾಯಿಲೆ ಅಂತ ನಿನ್ ಮ್ಯಾಲೆ ಮರುಕ ಇತ್ತು ಕಣಪ್ಪ. ಈಗ ಅದೂ ಓಯ್ತು" ಎಂದರು. "ಎಣ್ಣು ಕೊಟ್ಟ ಮ್ಯಾಲೆ, ನೀನು ಯಾವಾಗ ನಿಜವಾಗ್ಲೂ ಬಿದ್ದಿದ್ದೀಯ, ಯಾವಾಗ ಸುಮ್ಕೆ ಬಿದ್ದಿದ್ದೀಯ ಅಂತ ನಮ್ ಕೂಸು ಎಂಗ್ ತಿಳ್ಕಬೇಕು?" ಎದ್ದು ಹೊರಟವನನ್ನು ಕರೆದು, "ಮಂಜುಳಂಗೆ ಕಾಯಿಲೆ ಅಂತ್ಲೇ ಯೋಳಿವ್ನಿ. ಅಂಗೇ ಇರ್ಲಿ ಬುಡು, ನಿಂಗೂ ಒಸಿ ಮರ್ವಾದೆ" ಎಂದರು. ಬಸ್ಸಿನ ಕಿಟಕಿಗೆ ಮುಖವಿಟ್ಟು ಅತ್ತೆ. ಪಕ್ಕದಲ್ಲಿದ್ದವನು ಸ್ವಲ್ಪ ದೂರ ಸರಿದು ಕೂತ.

ಮಂಜುಳಳ ಮದುವೆ ಆ ವರ್ಷವೇ ಆಯಿತು. ನನಗೆ ಯಾರೂ ಹೆಣ್ಣು ಕೊಡಲಿಲ್ಲ. ಚಂದ್ರಾಚಾರಿಯ ತಂಡವೂ ಒಡೆದುಹೋಗಿ, ಗೋಲಿನ ಕಂಬಗಳು ಯಾರದೋ ಕೊಟ್ಟಿಗೆಯ ಬಾಗಿಲಾದವು. ಅವ್ವ ಮಾತ್ರ ಪಟ್ಟು ಬಿಡಲಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ, "ತಾಯಿ ಒಂದ್ಕಿತ ಕೊಟ್ಟೋಳು ಇನ್ನೊಂದ್ಕಿತ ಕೊಡಕಿಲ್ವಾ?" ಎಂದು ನನ್ನನ್ನು ಮತ್ತೆ ಗಂಜಾಮಿಗೆ ಎಳೆದುಕೊಂಡು ಹೋದಳು. ಅವಳು ಗುಡಿಯ ಸಾಲಿನಲ್ಲಿ ನಿಂತಳು, ನಾನು ಕಾಲು ತೊಳೆಯಲು ಹೊಳೆಗಿಳಿದೆ. ಮೆಟ್ಟಿಲಿನ ಪಾಚಿಯ ಮೇಲೆ ಕಾಲಿಟ್ಟೆ, ಜಾರಿ ಬಿದ್ದೆ. ಆ ಬೂಟಿನ ದಾರದ ನಂತರ ನಾನು ನಿಜವಾಗಿ ಬಿದ್ದದ್ದು ಇದೇ. ಬಹಳ ಕಳಪೆಯಾಗಿ ಬಿದ್ದೆ, ಹೊರಳಾಟವಿಲ್ಲ, ಕೂಗಿಲ್ಲ. ಮೊಣಕೈ ಕೊಂಚ ತರಚಿತ್ತು ಅಷ್ಟೆ. ಏಳಬೇಕು ಎನ್ನುವಷ್ಟರಲ್ಲಿ ಯಾರೋ ದಡದಡನೆ ಇಳಿದು ಬಂದು, ನನ್ನ ಅಂಗೈ ಬಿಡಿಸಿ ತಣ್ಣನೆಯದೇನನ್ನೋ ಇಟ್ಟು, ಬೆರಳು ಮಡಿಸಿ ಮೇಲೆ ಕೈಯಿಟ್ಟು ಹಿಡಿದರು. ಬೀಗದ ಕೈ ಗೊಂಚಲು. "ಗಟ್ಟಿಯಾಗಿ ಇಡ್ಕಳಿ, ಏನೂ ಆಗಕಿಲ್ಲ" ಎಂಬ ದನಿ. ಪಾಯಸದ ಸೌಟು ಹಿಡಿದು ನಕ್ಕಿದ್ದ ದನಿಯೇ ಅದು. ಕಂಕುಳಲ್ಲಿ ಮಗುವಿತ್ತು. ಮೇಲಿನಿಂದ ಅವಳ ಗಂಡ, "ಬಸ್ಸು ಒಂಟೋಯ್ತದೆ, ಬಾ" ಎಂದು ಕೂಗಿದ. "ತಡೀರಿ, ಗೊತ್ತಿರೋರು, ಪಾಪ" ಎಂದು ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. "ಈಗ ಎಂಗೈತೆ? ಏಳಕಾಯ್ತದಾ?" ಎಂದು ಕೇಳಿದಳು.

ಖಂಡಿತ ಆಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು, "ಇನ್ನೊಂದ್ ನಿಮಿಷ" ಎಂದೆ.