ತಾರಸಿಯಿಂದ ಇಳಿದ ಸಂಸಾರ

ಎಲ್ಲಾ ಶುರುವಾಗಿದ್ದು ಒಂದು ಬಕೆಟ್ ಗಂಜಿಯಿಂದ.

ವಾಚ್ ರಿಪೇರಿ ಮಾಡಿಕೊಂಡು ಮೂರನೇ ಮಹಡಿಯಲ್ಲಿ ಅಕ್ಕನ ಜೊತೆ ಬಾಡಿಗೆಗಿದ್ದವನನ್ನು ಕಟ್ಟಡದವರೆಲ್ಲ ವಾಚ್ ಮಾಮ ಅಂತಿದ್ದರು. ಅವನು ಕೈಹಾಕಿದ್ದು ಯಾವುದೂ ಉದ್ಧಾರವಾಗಿರಲಿಲ್ಲ. ಅಣಬೆ ಬೆಳೆಸಿದ, ಬೂಷ್ಟು ಬಂತು. ಜೇನು ಸಾಕಿದ, ಅವು ಅವನನ್ನೇ ಕಚ್ಚಿ ಹಾರಿಹೋದವು. ಈಗ ಅಕ್ಕನ ಕೋಳಿಗಳ ಮೇವಿಗೆಂದು ತಾರಸಿಯ ಟಬ್ಬುಗಳಲ್ಲಿ ಒಂದು ಜಾತಿಯ ಕಪ್ಪು ನೊಣದ ಮರಿಹುಳ ಸಾಕಿದ್ದ. ಮನೆಮನೆಯ ಎಂಜಲು, ಸಿಪ್ಪೆ, ಹಳಸಲು ಏನು ಹಾಕಿದರೂ ತಿಂದು ದಪ್ಪಗಾಗುತ್ತಿದ್ದವು. ಅವನ್ನು ತಿಂದ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹುಟ್ಟಿದ ಮೇಲೆ ಮೊದಲ ಸಲ ಅವನು ಶುರುಮಾಡಿದ್ದೊಂದು ನಡೆಯುತ್ತಿತ್ತು.

ಅವತ್ತು ಬೆಳಿಗ್ಗೆ ಎರಡನೇ ಮಹಡಿಯ ಟೀಚರಮ್ಮ ಉಳಿದ ಗಂಜಿ ಕೊಟ್ಟರು. ಬೇಡ ಅನ್ನಲು ದಾಕ್ಷಿಣ್ಯ. ಟಬ್ಬುಗಳಿಗೆ ಸುರಿದು ಅಂಗಡಿಗೆ ಹೊರಟ. ಒದ್ದೆ ಜಾಸ್ತಿಯಾದರೆ ಹುಳಗಳು ಟಬ್ಬು ಹತ್ತಿ ಹೊರಟುಬಿಡುತ್ತವೆ ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದಾಗ ನೆನಪಾಗುವ ಹಣೆಬರಹ ಮಾತ್ರ ಅವನದಲ್ಲ.

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂತಿದ್ದಾಗ ಅಕ್ಕನ ಫೋನ್ ಬಂತು.

"ತಮ್ಮಾ, ಮನೆಗೆ ಬಾ. ಓಡಿ ಬರಬೇಡ, ಮೆಟ್ಟಿಲು ಜಾರುತ್ತೆ."

ಬಂದು ನೋಡಿದರೆ ಸಿನಿಮಾ ಬಿಟ್ಟಾಗ ಜನ ಇಳಿಯುವ ಹಾಗೆ ಹುಳಗಳು ಮೆಟ್ಟಿಲು ಇಳಿಯುತ್ತಿದ್ದವು. ಟೀಚರಮ್ಮನ ಬಾಗಿಲ ಸಂದಿಯಲ್ಲಿ ನುಗ್ಗಿದ್ದವು. ಮೊದಲ ಮಹಡಿಯ ವಕೀಲರ ಬೂಟಿನಲ್ಲಿ ಸಂಸಾರ ಹೂಡಿದ್ದವು. ಎಲ್ಲಕ್ಕಿಂತ ಅನಾಹುತವಾಗಿದ್ದು ನೆಲಮಹಡಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಹುಳುಕು ಹಲ್ಲು ತೋರಿಸಲು ಬಂದಿದ್ದ ಮುದುಕಿಯೊಬ್ಬಳು ಇಕ್ಕಳ ಇಡುವ ತಟ್ಟೆಯಲ್ಲಿ ಹೊರಳಾಡುವ ಹುಳ ನೋಡಿ, ತನ್ನ ಹಲ್ಲಿನದೇ ಹೊರಗೆ ಬಂತೆಂದು ಡಾಕ್ಟರಿಗೆ ಕೈಮುಗಿದು, ನೋವು ಹೋಯಿತು ಅಂತ ಎದ್ದು ಹೋದಳು. ಅಷ್ಟು ದೊಡ್ಡ ಹುಳ ಕಂಡು ಉಳಿದವರೂ ಬಾಯಿ ಮುಚ್ಚಿಕೊಂಡು ಜಾಗ ಖಾಲಿ ಮಾಡಿದರು.

ಮೆಟ್ಟಿಲ ಮೇಲೇ ಪಂಚಾಯಿತಿ ಸೇರಿತು. ಡಾಕ್ಟರು ಕೂಗಾಡಿದರು. ತಾನು ಗಂಜಿ ಕೊಟ್ಟದ್ದು ನಿಜ, ಹುಳ ವಾಪಸ್ ಕೇಳಿರಲಿಲ್ಲ ಅಂದರು ಟೀಚರಮ್ಮ. ಒಂದೇ ಒಂದು ಟಬ್ಬು ಇಟ್ಟುಕೊಳ್ಳುತ್ತೇನೆ, ಮುಚ್ಚಳಕ್ಕೆ ಬೀಗ ಹಾಕುತ್ತೇನೆ ಎಂದು ವಾಚ್ ಮಾಮ ಗೋಗರೆದ. ವಕೀಲರು ಬೂಟು ಕೊಡವಿದರು.

"ಓನರಮ್ಮ ಸಂಜೆ ಬರ್ತಾರೆ. ಅಷ್ಟರಲ್ಲಿ ಒಂದು ಹುಳ ಇದ್ರೂ ನೀವು ಇರಲ್ಲ ಮಾಮ."

ಮಧ್ಯಾಹ್ನವೆಲ್ಲ ಮಂಡಿಯೂರಿ ಮೆಟ್ಟಿಲು ಗುಡಿಸಿದ. ಗುಡಿಸಿದ್ದನ್ನೂ ಟಬ್ಬಿನಲ್ಲಿದ್ದದ್ದನ್ನೂ ಕೋಳಿಗಳ ಮುಂದೆ ಸುರಿದ. ಅವು ತಿಂದೂ ತಿಂದೂ, ಮದುವೆಯೂಟ ಮುಗಿಸಿದ ಬೀಗರ ಹಾಗೆ ಗೋಡೆಗೊರಗಿದವು. ಮಿಕ್ಕಿದ್ದನ್ನು ಮೀನು ಸಾಕುವವನೊಬ್ಬ ಬಂದು ಚೀಲಕ್ಕೆ ತುಂಬಿಕೊಂಡು ಹೋದ. ಕೊನೆಗೆ ಅಂಗೈಯಲ್ಲಿ ಒಂದು ಹುಳ ಉಳಿಯಿತು. ಅದನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನೂ ಹಾಕಿದ. ತಿನ್ನುವ ಆಸೆ ಯಾವ ಕೋಳಿಗೂ ಇರಲಿಲ್ಲ, ಆದರೂ ಒಂದು ತಿಂದಿತು.

ಯಾವುದಕ್ಕೂ ಇರಲಿ ಅಂತ ಅಕ್ಕ ಪಾತ್ರೆಪಗಡಿ ಗಂಟು ಕಟ್ಟಿದಳು.

ಸಂಜೆ ಓನರಮ್ಮ ಏದುಸಿರು ಬಿಡುತ್ತಾ ಮೇಲೆ ಬಂದರು. ಹಿಂದೆಯೇ ಬಾಡಿಗೆದಾರರೆಲ್ಲ. ಓನರಮ್ಮನ ಮುಖದಲ್ಲಿ ನಗು ಕಂಡು ವಾಚ್ ಮಾಮನಿಗೆ ಇನ್ನೂ ಭಯವಾಯಿತು.

"ನಗರಸಭೆಗೆ ಹೋಗಿ ಬಂದೆ ಕಣಪ್ಪ. ನಾಳೆಯಿಂದ ನಮ್ಮ ಬೀದಿಗೆ ಆ ಗಬ್ಬುನಾತದ ಕಸದ ಲಾರಿ ಬೇಡ ಅಂದೆ. ನಮ್ಮ ವಾಚ್ ಮಾಮನ ಹುಳಗಳಿವೆ, ಇಡೀ ಬೀದಿ ಎಂಜಲು ತಿಂದುಬಿಡ್ತವೆ ಅಂತ ಬರೆದು ಸಹಿ ಹಾಕಿಕೊಟ್ಟೆ. ಆ ಹುಳ ಇರೋ ತನಕ ಈ ಮನೆ ನಿಂದೇ."

ಡಾಕ್ಟರು ಸೂರು ನೋಡಿದರು. ಟೀಚರಮ್ಮ ಸೆರಗು ಸರಿಮಾಡಿಕೊಂಡರು. ನಾವೆಲ್ಲ ಮೊದಲಿನಿಂದಲೂ ಪ್ರೋತ್ಸಾಹ ಕೊಡುತ್ತಲೇ ಬಂದಿದ್ದೇವೆ ಅಂದರು ವಕೀಲರು.

"ಎಲ್ಲಿ, ತೋರಿಸು ನೋಡೋಣ," ಎಂದು ಓನರಮ್ಮ ತಾರಸಿಯ ಬಾಗಿಲಿಗೆ ಕೈಹಾಕಿದರು.

ವಾಚ್ ಮಾಮ ಅಡ್ಡ ನಿಂತ.

"ಮಲಗಿವೆ ಅಮ್ಮ."

ಓನರಮ್ಮ ತಕ್ಷಣ ದನಿ ಇಳಿಸಿದರು. "ಪಾಪ, ಎಬ್ಬಿಸಬೇಡ. ಬೀದಿಯವರು ಬರ್ತಿದ್ದಾರೆ, ಎಂಜಲಿನ ಬಕೆಟ್ ಇಲ್ಲೇ ಇಟ್ಟು ಹೋಗೋಕೆ ಹೇಳ್ತೀನಿ."

ಅಕ್ಕ ಗಂಟಿನ ಮೇಲೆ ಕುಸಿದು ಕೂತಳು. ಕೆಳಗಿನಿಂದ ಮೆಟ್ಟಿಲು ಮೆಟ್ಟಿಲಿಗೂ ಬಕೆಟ್ಟುಗಳ ಸದ್ದು ಏರಿ ಬರುತ್ತಿತ್ತು.